ಸೂತಕದ ದಬದಬೆ

ಜಾಲಿಕೊಪ್ಪ ಪೇಟೆಯಿಂದ ಪಡುವಣಕ್ಕೆ ಎರಡು ಹರದಾರಿ ಹೋದರೆ ಕೆಂಗುಡ್ಡ ಸಿಗುತ್ತದೆ. ಕೆಂಪು ಕಲ್ಲಿನ ಆ ಗುಡ್ಡವನ್ನು ಸೀಳಿಕೊಂಡು ಬರುವ ಸೀಗಿಹಳ್ಳ ಅಲ್ಲಿ ಒಮ್ಮೆಲೇ ಮೂವತ್ತು ಆಳು ಕೆಳಗೆ ಧುಮುಕುತ್ತದೆ. ನೀರು ಹೀಗೆ ಬೀಳುವ ಜಾಗಕ್ಕೆ ನಮ್ಮ ಕಡೆ ದಬದಬೆ ಎನ್ನುತ್ತಾರೆ. ಮಳೆಗಾಲದ ರವಿವಾರಗಳಲ್ಲಿ ಪೇಟೆಯ ಜನ ಬುತ್ತಿ ಕಟ್ಟಿಕೊಂಡು ಬರುತ್ತಾರೆ; ನೆತ್ತಿಯ ಮೇಲಿನ ನಗಾರಿಗುಂಡೆಂಬ ಬಂಡೆಯನ್ನು ಏರಿ, ಕೆಳಗಿನ ಮಡುವನ್ನೂ ಮೇಲಿನ ಹಳ್ಳದ ಮೂರು ತಿರುವುಗಳನ್ನೂ ಕಣ್ತುಂಬ ನೋಡಿ, ಫೋಟೊ ತೆಗೆದುಕೊಂಡು ಹೋಗುತ್ತಾರೆ. ಇಷ್ಟು ಚಂದದ ಜಾಗಕ್ಕೆ ಸೂತಕದ ದಬದಬೆ ಎಂಬ ಹೆಸರು ಅಶುಭವಾಯಿತೆಂದು ಬೇರೆ ಹೆಸರಿಡಲು ಹೊರಟವರೂ ಇದ್ದಾರೆ. ಗುಡ್ಡದ ಬುಡದ ಹಿರೇಸೀಗಿಯ ಹಿರಿಯರು ಅದಕ್ಕೆ ಒಪ್ಪಿಲ್ಲ.

ಹಿಂದೆ ಒಮ್ಮೆ, ದೇಸಾಯರು ಆಳುತ್ತಿದ್ದ ದೇಸಗತಿಯ ಕಾಲದಲ್ಲಿ, ಆ ಗುಂಡಿನ ಮೇಲಿದ್ದ ನಗಾರಿಯ ಸೇವೆ ಲಗಮಪ್ಪನೆಂಬವನ ಮನೆತನಕ್ಕೆ ಸೇರಿತ್ತು. ನಗಾರಿ ಗುಡ್ಡದ ಮೇಲಿನ ಗುಡಿಯ ಹಣಮಪ್ಪ ದೇವರದು. ಪೂಜೆಯ ಹೊತ್ತಿಗೆ ದೇವರಿಗಾಗಿ ಬಾರಿಸಬೇಕು. ಮಳೆಗಾಲದಲ್ಲಿ ಕೆಳಗಿನ ಮಡುವಿನಲ್ಲಿದ್ದವರನ್ನು ಎಚ್ಚರಿಸಲು ಬಾರಿಸಬೇಕು. ಇಲ್ಲಿ ಬಿಸಿಲು ಕಾಯುತ್ತಿದ್ದರೂ ಮೇಲಿನ ಸೀಮೆಯಲ್ಲಿ ಮಳೆ ಹೊಡೆದರೆ ಹಳ್ಳ ಹೇಳದೆ ಕೇಳದೆ ಬಂದುಬಿಡುತ್ತದೆ. ಮೂರನೆಯ ತಿರುವಿನ ಬೆಳ್ಳಕ್ಕಿಗಳು ಒಟ್ಟಿಗೇ ಎದ್ದವೆಂದರೆ, ಎಲೆ ಅಡಿಕೆ ಜಗಿದು ಉಗುಳುವಷ್ಟರಲ್ಲಿ ನೀರು ದಬದಬೆಗೆ ಬಂತೆಂದೇ ಲೆಕ್ಕ. ಲಗಮಪ್ಪ ಹಕ್ಕಿ ಏಳುವುದನ್ನು ಕಾಯುತ್ತ ಇಪ್ಪತ್ತು ಮಳೆಗಾಲ ಕಳೆದಿದ್ದ. ಅವನ ನಗಾರಿ ಕೇಳಿಯೂ ಮಡುವಿನಲ್ಲಿ ಉಳಿದು ಸತ್ತವರಿರಲಿಲ್ಲ. ಆಚಾರದಲ್ಲೂ ಅಷ್ಟೇ ಗಟ್ಟಿ ಮನುಷ್ಯ. ಮೀಯದೆ ಕೋಲು ಹಿಡಿದವನಲ್ಲ, ಉಂಡ ಬಾಯಲ್ಲಿ ಗುಂಡು ಹತ್ತಿದವನಲ್ಲ.

ಶ್ರಾವಣದ ಆರಂಭದಲ್ಲಿ ಅವನ ತಾಯಿ ತೀರಿಕೊಂಡಳು. ಹತ್ತು ದಿನದ ಸೂತಕ. ದೇವರ ನಗಾರಿಯನ್ನು ಮುಟ್ಟುವಂತಿಲ್ಲ. ಅಣ್ಣತಮ್ಮಂದಿರಿಗೂ ಅದೇ ಸೂತಕವಾದ್ದರಿಂದ ಬೇರೆ ಕುಲದ ಕುರಿಗಾಹಿ ಮಾಯಪ್ಪನನ್ನು ಗುಂಡಿನ ಮೇಲೆ ಕೂರಿಸಬೇಕಾಯಿತು. ಮಾಯಪ್ಪ ಒಳ್ಳೆಯವನು, ಆದರೆ ಕೈ ಒರಟು. ಲಗಮಪ್ಪ ದಿನಾ ಗುಡ್ಡ ಹತ್ತಿ ಇಪ್ಪತ್ತು ಮಾರು ದೂರ ಕುಳಿತು, ಎಚ್ಚರಿಕೆಯ ಬಡಿತವನ್ನು ಬಾಯಿಂದಲೇ ಹೇಳಿಕೊಡುತ್ತಿದ್ದ. ಹೊತ್ತು ಏರುವ ತನಕ ಆ ಪಾಠ ನಡೆಯುತ್ತಿತ್ತು. ಕೆಳಗಿನ ಜನ ಮೊದಲ ದಿನ ಹೆದರಿ ಮೇಲೆ ಓಡಿ ಬಂದರು, ಎರಡನೆಯ ದಿನ ನಿಂತು ಕೇಳಿದರು, ಆಮೇಲೆ ನಗತೊಡಗಿದರು.

"ಏ ಮಾಯಪ್ಪಾ, ನಗಾರಿ ಬಾರ್ಸಾಕತ್ತಿಯೋ, ಜ್ವಾಳದ ತೆನಿ ಬಡ್ಯಾಕತ್ತಿಯೋ?" ಎಂದು ಹೆಂಗಸರು ಕೂಗಿದರೆ ಅವನೂ ಬಿಡುತ್ತಿರಲಿಲ್ಲ. "ಹತ್ತು ದಿನ ಹಣಮಪ್ಪನೇ ಕಿವಿ ಮುಚ್ಚಿಕೊಂಡಾನ, ನೀವೂ ಮುಚ್ಚಿಕೊಳ್ರವಾ!"

ನಿಜವಾಗಿ ನೀರು ಬಂದರೆ ಗುರುತಿಸುವುದು ಹೇಗೆಂದು ಯಾರೋ ಕೇಳಿದ್ದರಂತೆ. "ಆಗ ಮಾಯಪ್ಪನೇ ನಮಗಿಂತ ಮುಂಚೆ ಓಡಿ ಬರ್ತಾನ ಬಿಡ್ರಿ" ಎಂದು ಅದನ್ನೂ ನಗೆಯಲ್ಲಿ ತೇಲಿಸಿದರು. ಲಗಮಪ್ಪನೂ ಅದರ ಬಗ್ಗೆ ಯೋಚಿಸಲಿಲ್ಲ.

ಹತ್ತನೆಯ ದಿನ ಸಾವಿನ ಮನೆಯ ಬಟ್ಟೆ ಬರೆಯನ್ನೆಲ್ಲ ಹರಿಯುವ ನೀರಿನಲ್ಲಿ ಒಗೆಯುವ ಪದ್ಧತಿ. ಲಗಮಪ್ಪನ ಹೆಂಡತಿ ಬಾಳವ್ವ, ಸೊಸೆ ಕೆಂಚವ್ವ, ಅಣ್ಣತಮ್ಮಂದಿರ ಮನೆಯ ಐವರು, ಒಟ್ಟು ಏಳು ಮಂದಿ ಹೆಂಗಸರು ಬಟ್ಟೆಯ ಗಂಟು ಹೊತ್ತು ಮಡುವಿಗೆ ಇಳಿದಿದ್ದರು. ಅಲ್ಲೇ ಆಚೆ ದಡದಲ್ಲಿ, ಆಗಷ್ಟೇ ಬಂದಿದ್ದ ಬುಟ್ಟಿ ಹೆಣೆಯುವ ಪರವೂರಿನ ಗಂಡ ಹೆಂಡತಿ ಲಕ್ಕಿಗಿಡದ ಬರಲುಕಡ್ಡಿ ಕೊಯ್ಯುತ್ತಿದ್ದರು. ಆಕಾಶ ತೊಳೆದಿಟ್ಟಂತೆ ಇತ್ತು. ಪಾಠದ ನಡುವೆ ಬಾಯಾರಿ, ಮಾಯಪ್ಪ ಗುಡ್ಡದ ಹಿಂದಿನ ಒರತೆಗೆ ನೀರು ಕುಡಿಯಲು ಹೋದ.

ಅವನು ಮರೆಯಾದ ಸ್ವಲ್ಪ ಹೊತ್ತಿಗೆ ಮೂರನೆಯ ತಿರುವಿನ ಬೆಳ್ಳಕ್ಕಿಗಳೆಲ್ಲ ಒಮ್ಮೆಲೇ ಎದ್ದವು.

ಲಗಮಪ್ಪ ಎದ್ದು ನಿಂತು ಮಾಯಪ್ಪನನ್ನು ಕೂಗಿದ. ಅವನು ಬರಲಿಲ್ಲ. ಮಡುವಿನ ಕಡೆ ತಿರುಗಿ ಗಂಟಲು ಹರಿಯುವಂತೆ ಒದರಿದ. ದಬದಬೆಯ ಸದ್ದಿನಲ್ಲಿ ಮನುಷ್ಯನ ದನಿ ಅಷ್ಟು ಕೆಳಗೆ ಇಳಿಯುವುದಿಲ್ಲವೆಂದು ಅವನಿಗೇ ಗೊತ್ತಿತ್ತು. ಆಮೇಲೆ ಅವನು ತಡ ಮಾಡಲಿಲ್ಲ. ತಾಯಿಯ ಚಿತೆಗೆ ಬೆಂಕಿ ಇಟ್ಟ ಕೈಯಲ್ಲೇ ದೇವರ ಕೋಲು ಹಿಡಿದ. "ಹಣಮಪ್ಪಾ, ಬೇಕಾದ್ರ ನನ್ನ ಕೈ ತುಗೋ" ಎಂದು ಒಂದು ಮಾತು ಹೇಳಿ ಬಾರಿಸತೊಡಗಿದ. ಹೊತ್ತು ಮೀರಿರಲಿಲ್ಲ. ಬುಟ್ಟಿಯವರು ಕೊಯ್ದ ಬರಲನ್ನು ಅಲ್ಲೇ ಬಿಸಾಕಿ ದಡ ಏರುವುದು ಅವನಿಗೆ ಕಂಡಿತು. ಬಾಳವ್ವ ನೆಟ್ಟಗೆ ನಿಂತು, ಬಿಸಿಲಿಗೆ ಅಂಗೈ ಅಡ್ಡ ಹಿಡಿದು ಗುಂಡಿನ ಕಡೆ ನೋಡಿದ್ದೂ ಕಂಡಿತು. ನೋಡಿ, ಮತ್ತೆ ಬಾಗಿ, ಬಟ್ಟೆಯನ್ನು ಕಲ್ಲಿಗೆ ಬಡಿಯತೊಡಗಿದಳು. ಲಗಮಪ್ಪ ಇನ್ನೂ ಜೋರಾಗಿ ಬಾರಿಸಿದ. ಅವಳು ತಲೆ ಎತ್ತಲಿಲ್ಲ. ಎರಡನೆಯ ತಿರುವಿನಲ್ಲಿ ಕೆಂಪು ನೀರು ಕಾಣಿಸಿತು, ಮೊದಲನೆಯ ತಿರುವು ದಾಟಿತು, ಅವನ ಕಾಲ ಕೆಳಗಿನಿಂದಲೇ ಧುಮುಕಿತು. ಆಮೇಲೆ ಮಡುವಿನಲ್ಲಿ ಕಲ್ಲೂ ಕಾಣಲಿಲ್ಲ, ಬಟ್ಟೆಯೂ ಕಾಣಲಿಲ್ಲ.

ಏಳು ಮಂದಿಯಲ್ಲಿ ಉಳಿದವಳು ಕೆಂಚವ್ವ ಒಬ್ಬಳೇ. ಒಗೆದ ಕಂಬಳಿ ಹರವಲು ಎತ್ತರದ ಹಾಸುಗಲ್ಲಿಗೆ ಹೋಗಿದ್ದಳಂತೆ. ಲಗಮಪ್ಪ ಎದ್ದುಬಿದ್ದು ಕೆಳಗಿಳಿದು ಬಂದಾಗ ಅವಳು ಆ ಕಂಬಳಿಯನ್ನೇ ಅವುಚಿಕೊಂಡು ಕುಳಿತಿದ್ದಳು.

"ಕೇಳಿಸಲಿಲ್ಲೇನವಾ? ಯಾರಿಗೂ ಕೇಳಿಸಲಿಲ್ಲೇನು?"

"ಕೇಳಿಸಿತು ಮಾವ." ಅವಳು ತಲೆ ಎತ್ತದೆ ಹೇಳಿದಳು. "ಇದು ಮಾವನ ಕೈ ಇದ್ದಂಗ ಐತಿ, ಏಳ್ರಿ ಅತ್ತಿ ಅಂದೆ. ನಿಮ್ಮ ಮಾವ ಸೂತಕದಾಗ ದೇವರ ನಗಾರಿ ಮುಟ್ಟೂ ಮನಶ್ಯಾನ? ಬಾಯಿ ತೊಳಕೋ ಅಂತ ಅತ್ತಿ ಬೈದ್ರು. ಮಾಯಪ್ಪಗ ಇವತ್ತ ಕೈ ಕೂಡಿತು, ನಿಮ್ಮ ಮಾವಗ ಚಿಂತಿ ಹೋತು ಅಂತ ನಕ್ರು. ಎಲ್ಲಾರೂ ನಕ್ರು."

ಬುಟ್ಟಿಯವರು ಬದುಕಿದ್ದು ಯಾಕೆಂದು ಲಗಮಪ್ಪನಿಗೆ ಆಗ ತಿಳಿಯಿತು. ಅವರು ಪರವೂರಿನವರು. ನಗಾರಿ ಕೇಳಿದರೆ ನೀರು ಬಂತೆಂಬುದಷ್ಟೇ ಗೊತ್ತು; ನಗಾರಿ ಯಾರದು, ಸೂತಕ ಯಾರಿಗೆ ಎಂಬುದೊಂದೂ ಅವರಿಗೆ ಗೊತ್ತಿರಲಿಲ್ಲ. ಅವನನ್ನು ಬಲ್ಲವರೇ ಮಡುವಿನಲ್ಲಿ ಉಳಿದರು.

ಮೂರು ಹೆಣ ಸಿಕ್ಕವು, ಬಾಳವ್ವನದು ಸಿಗಲಿಲ್ಲ. ದೇವರು ಮುನಿದನೆಂದು ಕೆಲವರು ಗುಸುಗುಟ್ಟಿದರು. ನಗಾರಿಯ ಚರ್ಮ ಬಿಚ್ಚಿ ಶುದ್ಧಿ ಮಾಡಿಸಬೇಕೆಂದರು. ಒಂದು ಸೂತಕ ಕಳೆಯುವ ಮೊದಲೇ ಇನ್ನೊಂದು ಮೈಮೇಲೆ ಬಂದಿದ್ದ ಲಗಮಪ್ಪ ಮಾರನೆಯ ಬೆಳಿಗ್ಗೆ ಒದ್ದೆ ಪಂಚೆಯಲ್ಲೇ ಗುಡ್ಡ ಹತ್ತಿ, ಮಾಯಪ್ಪನ ಕೈಯಿಂದ ಕೋಲು ಇಸಿದುಕೊಂಡು, ನಗಾರಿಗೆ ಮೊಣಕಾಲು ತಾಗುವಂತೆ ಕುಳಿತ. ಮುದಿ ಪೂಜಾರಿ ಓಡಿ ಬಂದು, "ಲಗಮಪ್ಪಾ, ನಿನ್ನೆದು ಆಗಿಹೋತು. ಇವತ್ತಾದ್ರೂ ದೂರ ಕುಂದ್ರಪಾ" ಎಂದು ಕೈ ಮುಗಿದ.

"ಇಲ್ರಿ ಪೂಜಾರೆಪ್ಪ. ನಾ ಮುಟ್ಟೂದಿಲ್ಲಂತ ನಂಬಿ ಆಕಿ ಸತ್ತಳು. ಇನ್ನ ಮ್ಯಾಲ ಈ ಊರಾಗ ಯಾರೂ ಹಂಗ ನಂಬಬಾರದು."

ಪೂಜಾರಿ ಗುಡಿಯ ಕಡೆ ತಿರುಗಿದ. ಒಳಗೆ ಹೋಗಿ ಮಂಗಳಾರತಿ ಎತ್ತಿದ. ಲಗಮಪ್ಪ ಬಾರಿಸಿದ. ಆ ದಿನದಿಂದಲೇ ಜನ ಅದನ್ನು ಸೂತಕದ ದಬದಬೆ ಎಂದು ಕರೆಯತೊಡಗಿದರು ಎನ್ನುತ್ತಾರೆ.

ಈಗಲೂ ಮಳೆಗಾಲದಲ್ಲಿ ಹಿರೇಸೀಗಿಯ ಯಾವ ಮನೆಯಲ್ಲಿ ಸಾವಾದರೂ, ಆ ಮನೆಯ ಒಬ್ಬ ಗಂಡಸು ಹತ್ತು ದಿನ ಬೆಳಗಿನಿಂದ ಹೊತ್ತು ಮುಳುಗುವ ತನಕ ಗುಂಡಿನ ಮೇಲೆ ನಗಾರಿ ಕಾಯಬೇಕು. ಪೇಟೆಯಿಂದ ಬಂದವರಿಗೆ ಅವನು ಕಾಣುತ್ತಾನೆ. ಗಡ್ಡ ಬಿಟ್ಟು, ಬರಿಮೈಯಲ್ಲಿ, ಮಂಡಿಯ ಮೇಲೆ ಕೋಲು ಇಟ್ಟುಕೊಂಡು ಮೇಲಿನ ತಿರುವನ್ನೇ ನೋಡುತ್ತಿರುತ್ತಾನೆ. ಮಾತಾಡಿಸಿದರೆ ತಿರುಗುವುದಿಲ್ಲ. ಮಡುವಿಗೆ ಇಳಿಯುವವರಿಗೆ ಮಾತ್ರ, ಕಣ್ಣು ಕದಲಿಸದೆ ಒಂದು ಮಾತು ಹೇಳುತ್ತಾನೆ:

"ಕೇಳಿಸಿದ ಕೂಡಲೆ ಮ್ಯಾಲ ಬರ್ರಿ. ಯಾರು ಬಾರ್ಸಿದ್ರಂತ ನೋಡಾಕ ನಿಲ್ಲಬ್ಯಾಡ್ರಿ."