ಖಾಲಿ ಸಾಲು

ಗೋಡೆಯ ಚಿತ್ರ ಓದಿ ಮೂರು ಒಗಟು ಬಿಡಿಸಿದವರು ಕೇಳಿದ್ದನ್ನು ಕೊಡುವುದು, ತಪ್ಪಿದವರ ತಲೆ ತೆಗೆಯುವುದು ಎಂದು ದೊರೆ ಉಗ್ರವರ್ಮ ಡಂಗುರ ಸಾರಿಸಿದ. ಯುದ್ಧ ಮುಗಿದ ಮೇಲೆ ಪಡೆಯಲ್ಲಿ ಬದುಕಿ ಉಳಿದವರನ್ನು ಅವನು ಅರಮನೆಯ ಗೋಡೆಗೆ ಬರೆಸಿದ್ದ. ಊರಿಗೊಂದು ಸಾಲು, ಸಾಲಿನ ತಲೆಗೆ ಊರಿನ ಗುರುತು, ಮುಂದೆ ಮನುಷ್ಯರ ಚಿತ್ರ. ಕೊನೆಯ ಸಾಲಿಗೆ ಪರದೆ ಎಳೆದಿತ್ತು. ಹೊಟ್ಟೆ ತುಂಬಿದ ದೊರೆಗಳಿಗೆ ಇಂಥ ಆಟಗಳು ಚೆನ್ನಾಗಿ ಹೊಳೆಯುತ್ತವೆ.

ಹಾಲಗುಂದಿಯ ಬರಮಣ್ಣ ಹೊರಟದ್ದು ಹೊನ್ನಿನ ಆಸೆಗಲ್ಲ, ತನ್ನೂರಿನ ಹುಡುಗರನ್ನು ಬಿಡಿಸಿಕೊಂಡು ಬರಲು. ಅವನು ಮಕ್ಕಳಿಗೆ ಅಕ್ಷರ ಕಲಿಸುವ ಬಡ ಐಗಳು. ಪಾಠ ಹೇಳುವ ಮಠದ ಗೋಡೆಯ ಮೇಲೆ ಮನೆಗೊಂದು ಸಾಲು ಹಾಕಿ, ಅವರವರ ಚಿತ್ರವನ್ನು ಅವರವರಿಂದಲೇ ಇದ್ದಲಿನಲ್ಲಿ ಬರೆಸಿ ಎಣಿಕೆ ಕಲಿಸಿದ್ದ. ಪಡೆಗೆ ಹುಡುಗರನ್ನು ಹಿಡಿಯಲು ದೊರೆಯ ಆಳುಗಳು ಬಂದಾಗ ತಾಯಂದಿರು ಮಕ್ಕಳನ್ನು ನೆಲದಡಿಯ ಕಾಳಿನ ಹಗೇವಿನಲ್ಲಿ ಅಡಗಿಸಿದರು. ಯಾವ ಮನೆಯಲ್ಲಿ ಎಷ್ಟು ಗಂಡುಮಕ್ಕಳೆಂದು ಗೋಡೆಯೇ ಹೇಳಿಬಿಟ್ಟಿತು; ಆಳುಗಳು ಎಣಿಸಿ ಎಳೆದೊಯ್ದರು. ಅಂದಿನಿಂದ ಬರಮಣ್ಣನಿಗೆ ಅನ್ನ ಸೇರುತ್ತಿರಲಿಲ್ಲ.

"ಉದ್ದ ಸಾಲಿನ ಊರಿಗಿಂತ ಗಿಡ್ಡ ಸಾಲಿನ ಊರಿನವರೇ ಹೆಚ್ಚು. ಹೇಗೆ?" ಇದು ಮೊದಲ ಒಗಟು. ಗಿಡ್ಡ ಸಾಲಿನವರು ಶೂರರು, ಒಬ್ಬೊಬ್ಬರೂ ಇಬ್ಬರಿಗೆ ಸಮ ಎಂದ ರಾಜಕುಮಾರನ ತಲೆ ಹೋಯಿತು. "ಅರ್ಧ ಮೈಯವನಿಗೆ ಹತ್ತು ಕಾಲು. ಯಾರವನು?" ಇದು ಎರಡನೆಯದು. ಏಡಿ ಎಂದ ಪಂಡಿತನದೂ ಹೋಯಿತು.

ಬರಮಣ್ಣ ಮೊದಲು ಗೋಡೆಯ ಮೂಲೆ ನೋಡಿದ. ಮಕ್ಕಳಿಗೂ ಹಾಗೆಯೇ ಕಲಿಸಿದ್ದ. ಅಲ್ಲಿ ಒಂದು ಚಿತ್ರ, ಪಕ್ಕದಲ್ಲಿ ಹತ್ತು ಚುಕ್ಕೆ.

"ಉದ್ದ ಸಾಲಿನ ಚಿತ್ರಗಳು ದೊಡ್ಡವು, ದೂರ ದೂರ ಇವೆ. ಕಣ್ಣಳತೆ ನಂಬಬಾರದು, ಎಣಿಸಬೇಕು. ಒಂದು ಚಿತ್ರ ಅಂದರೆ ಹತ್ತು ಜನ. ಅರ್ಧ ಚಿತ್ರ ಐವರು, ಐವರಿಗೆ ಹತ್ತು ಕಾಲು" ಎಂದ.

ದೊರೆ ಪರದೆ ಸರಿಸಿದ. ಸಾಲಿನ ತಲೆಗೆ ಬೀಸುವ ಕಲ್ಲು, ಹಾಲಗುಂದಿಯ ಗುರುತು. ಮುಂದೆ ಬರೀ ಸುಣ್ಣ. ಈ ಸಾಲು ಏನು ಹೇಳುತ್ತದೆ ಎಂದು ಮೂರನೆಯ ಒಗಟು ಕೇಳಿದ.

ಬರಮಣ್ಣ ಸಾಲನ್ನು ಕೊನೆಯ ತನಕ ನೋಡಿದ. ಉತ್ತರ ತಪ್ಪಾದರೆ ತಲೆಯಿಲ್ಲ, ಸರಿಯಾದರೆ ಮಕ್ಕಳಿಲ್ಲ.

"ಬರೆದವನು ಮರೆತದ್ದಲ್ಲ, ಪ್ರಭು. ನಮ್ಮೂರಿನವರು ಒಬ್ಬರೂ ಉಳಿದಿಲ್ಲ."

ತಪ್ಪು ಎನ್ನಲಿ ದೇವರೇ ಎಂದು ಬೇಡಿಕೊಂಡ. ದೊರೆ ಸರಿ ಎಂದ, ಏನು ಬೇಕೋ ಕೇಳು ಎಂದ. ಕೇಳಲು ಏನೂ ಉಳಿದಿರಲಿಲ್ಲ. ಚಿನ್ನದ ಕಡಗ ತೊಡಿಸಿ ಕಳಿಸಿದರು.

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ, ಊರಿಗೆ ಬಂದವನು ಮೊದಲು ಮಠದ ಗೋಡೆಗೆ ಸುಣ್ಣ ಬಳಿದ. ಚಿಕ್ಕ ಮಕ್ಕಳು ಇದ್ದಲು ಹಿಡಿದು ಬಂದು, ಇವತ್ತು ಏನು ಬರೀಬೇಕ್ರಿ ಐಗಳ್ರೀ ಎಂದರು.

"ಕುಂಬಳಕಾಯಿ ಬರೀರಿ, ಬದನೆಕಾಯಿ ಬರೀರಿ" ಎಂದ ಬರಮಣ್ಣ. "ನಿಮ್ಮನ್ನ ಮಾತ್ರ ಬರೀಬ್ಯಾಡ್ರಿ."