ಉಪ್ಪು ಕೇಳದ ಶಿಷ್ಯ

ಹೇಮಾವತಿಯ ದಂಡೆಯ ಒಂದು ಆಶ್ರಮದಲ್ಲಿ ಭಾರ್ಗವನೆಂಬ ಶಿಷ್ಯನಿದ್ದ. ಅವನಿಗೆ ಯಾವುದರಲ್ಲೂ ಆಸೆಯಿರಲಿಲ್ಲ. ಹಬ್ಬದ ಹೋಳಿಗೆಗೆ ಹಿಗ್ಗುತ್ತಿರಲಿಲ್ಲ, ಬೈದರೂ ಎದುರಾಡುತ್ತಿರಲಿಲ್ಲ.

“ಹುಟ್ಟು ವೈರಾಗಿ,” ಎಂದು ಎಲ್ಲರೂ ಹೊಗಳುತ್ತಿದ್ದರು. ಕೇಳಿ ಕೇಳಿ ಅವನೂ ನಂಬಿದ್ದ. ಕಾವಿ ದೀಕ್ಷೆ ಸಿಕ್ಕರೆ ಎದೆಯ ಮೇಲಿನ ಈ ಭಾರಕ್ಕೂ ಒಂದು ಅರ್ಥ ಬಂದೀತು ಎಂಬುದೊಂದೇ ಅವನ ನೆಚ್ಚಿಕೆ.

ದೀಕ್ಷೆ ಕೇಳಿದವರಿದ್ದಾಗ, ಹೇಳದೆ ಕೇಳದೆ ಉಪ್ಪಿಲ್ಲದ ಅಡುಗೆ ಮಾಡಿಸಿ, ಅವರು ಏನು ಮಾಡುತ್ತಾರೆಂದು ನೋಡುವುದು ಗುರುಗಳ ರೂಢಿ. ಭಾರ್ಗವ ದೀಕ್ಷೆ ಕೇಳಿದ ಮರುದಿನ ಸಾರಿಗೆ ಉಪ್ಪು ಬೀಳಲಿಲ್ಲ.

“ಸುಬ್ಬಕ್ಕ, ಉಪ್ಪನ್ನೆಲ್ಲ ಹೊಳೆಗೆ ಸುರಿದು ಬಂದಿರಾ?” ಎಂದು ಸಹಪಾಠಿ ತಮ್ಮಯ್ಯ ಅಡುಗೆಮನೆಯ ಕಡೆಗೆ ಕೂಗಿದ.

ಪಂಕ್ತಿಯೆಲ್ಲ ನಕ್ಕಿತು. ಭಾರ್ಗವ ತಲೆಯೆತ್ತದೆ ಉಂಡು, ಎಲೆ ಮಡಿಸಿ ಎದ್ದ.

“ನೋಡಿ ಗುರುಗಳೇ, ನಾಲಿಗೆ ಗೆದ್ದವನು!” ಎಂದ ತಮ್ಮಯ್ಯ.

ಗುರುಗಳು ನಗಲಿಲ್ಲ. ಭಾರ್ಗವನನ್ನು ಬಳಿಗೆ ಕರೆದರು.

“ಉಪ್ಪು ಯಾಕೆ ಕೇಳಲಿಲ್ಲ?”

“ಸಪ್ಪೆಯಿರುವುದು ಸಾರಲ್ಲ, ನಾನೇ ಅಂದುಕೊಂಡೆ.”

“ಯಾವಾಗಿನಿಂದ ಹೀಗೆ?”

“ನೆನಪಿಲ್ಲ ಗುರುಗಳೇ. ಶಾಲೆಗೆ ಹೋಗುವಾಗಲೂ ಹೀಗೇ ಇತ್ತು. ಹುಟ್ಟುಗುಣ ಇರಬೇಕು.”

“ದೀಕ್ಷೆ ಈಗ ಇಲ್ಲ,” ಎಂದರು ಗುರುಗಳು. “ನಾಳೆ ಪೇಟೆಗೆ ಹೋಗೋಣ. ಮನಸ್ಸಿನ ಕಾಯಿಲೆ ನೋಡುವ ಡಾಕ್ಟರಮ್ಮ ಇದ್ದಾರೆ.”

“ನನಗೇನು ಹುಚ್ಚೇ? ಬೆಳಗಿನ ಗಂಟೆ ಹೊಡೆಯುವ ಮೊದಲೇ ಏಳುತ್ತೇನೆ. ಒಂದು ಕೆಲಸ ತಪ್ಪಿಸಿಲ್ಲ. ನನಗೆ ಏನೂ ಬೇಡ. ಅದು ವೈರಾಗ್ಯವಲ್ಲವೇ?”

ಗುರುಗಳು ಅವನನ್ನು ಕೊಟ್ಟಿಗೆಗೆ ಕರೆದೊಯ್ದರು. ಆಗಷ್ಟೇ ಹೊಲದಿಂದ ಬಂದಿದ್ದ ಎತ್ತಿನ ನೊಗ ಇಳಿಸಿದರು. ಹೆಗಲ ಮೇಲೆ ಹುಣ್ಣು.

“ಇದೂ ಒಂದು ಸಾಲು ತಪ್ಪಿಸಿಲ್ಲ,” ಎಂದರು.

ಭಾರ್ಗವ ಆ ಹೆಗಲನ್ನೇ ನೋಡುತ್ತ ನಿಂತ. ಮರುದಿನ ಪೇಟೆಗೆ ಹೊರಟ.

ಡಾಕ್ಟರಮ್ಮ ಅವನ ಮಾತನ್ನು ಪೂರ್ತಿ ಕೇಳಿದರು. ಇದು ಹುಟ್ಟುಗುಣವಲ್ಲ, ಬಹುಕಾಲದಿಂದ ಬೇರೂರಿದ ಖಿನ್ನತೆ, ನಿಧಾನವಾಗಿ ವಾಸಿಯಾಗುತ್ತದೆ ಎಂದರು. ಮಾತ್ರೆ ಬರೆದುಕೊಟ್ಟರು. ವಾರವಾರ ಬಂದು ಮಾತಾಡಬೇಕು ಎಂದರು.

ಮೊದಮೊದಲು ಏನೂ ಬದಲಾಗಲಿಲ್ಲ. ಭಾರ್ಗವ ಮಾತ್ರೆಯ ಪೊಟ್ಟಣವನ್ನು ಗುರುಗಳ ಮುಂದಿಟ್ಟ.

“ಸಾಧಕನಾದವನು ಮಾತ್ರೆ ನುಂಗಿ ನೆಮ್ಮದಿ ಪಡೆಯುವುದು ನಾಚಿಕೆಯಲ್ಲವೇ?”

ಗುರುಗಳು ತಮ್ಮ ಕನ್ನಡಕ ತೆಗೆದು ಅವನ ಕೈಗಿತ್ತರು. “ಇದಿಲ್ಲದೆ ಉಪನಿಷತ್ತಿನ ಒಂದಕ್ಷರವೂ ನನಗೆ ಕಾಣದು. ನಾನೂ ನಾಚಬೇಕೇ?”

ಭಾರ್ಗವ ಪೊಟ್ಟಣ ಎತ್ತಿಕೊಂಡ.

“ಸಂಜೆ ಎಲ್ಲರ ಜೊತೆ ಅವರೆಕಾಯಿ ಸುಲಿಯಲು ಕೂರು.”

“ಮನಸ್ಸು ಬಂದಾಗ ಕೂರುತ್ತೇನೆ.”

“ನೀನು ಹೋಗಿ ಜಾಗ ಹಿಡಿ. ಮನಸ್ಸು ತಡವಾಗಿ ಬರಲಿ.”

ಎಷ್ಟೋ ಸಂಜೆ ಅವನು ಸುಮ್ಮನೆ ಸುಲಿದ. ಕೆಲವು ದಿನ ಹಗುರ, ಕೆಲವು ದಿನ ಮತ್ತೆ ಅದೇ ಭಾರ. ಒಮ್ಮೆ ಅವರೆಯ ಹುಳು ಮಡಿಲಿಗೆ ಬಿದ್ದು ತಮ್ಮಯ್ಯ ಕುಣಿದಾಡಿದಾಗ, ಭಾರ್ಗವ ಗಟ್ಟಿಯಾಗಿ ನಕ್ಕುಬಿಟ್ಟ.

“ಅಯ್ಯೋ, ನಮ್ಮ ವೈರಾಗಿ ಕೆಟ್ಟ!” ಎಂದ ತಮ್ಮಯ್ಯ, ಹುಳು ಕೊಡವುತ್ತ.

ತಮಾಷೆಯ ಮಾತು. ಆದರೂ ಭಾರ್ಗವನ ಮನಸ್ಸಿನಲ್ಲಿ ಅದು ಕೊರೆಯುತ್ತಲೇ ಇತ್ತು. ಬೇಸಿಗೆಯ ಒಂದು ಬೆಳಿಗ್ಗೆ ಗುರುಗಳ ಬಳಿ ಬಂದ.

“ಅಕ್ಕನಿಗೆ ಹೆಣ್ಣು ಮಗುವಾಗಿದೆಯಂತೆ. ನೋಡಬೇಕು ಅನ್ನಿಸುತ್ತಿದೆ.”

“ಅನ್ನಿಸುತ್ತಿದೆಯೋ?”

“ತುಂಬಾ. ಜಪಕ್ಕೆ ಕೂತರೂ ಅದೇ. ಮಾತ್ರೆ ನಿಲ್ಲಿಸಿಬಿಡಲೇ?”

“ಅದನ್ನು ಡಾಕ್ಟರಮ್ಮ ಹೇಳಲಿ.”

“ಆಸೆ ಹುಟ್ಟಿತಲ್ಲ ಗುರುಗಳೇ. ಇನ್ನು ನನಗೆ ದೀಕ್ಷೆ ಎಲ್ಲಿಯದು?”

ಗುರುಗಳು ಎದ್ದು ಹೋಗಿ, ಬಾಗಿಲಲ್ಲಿದ್ದ ಅವನ ಚಪ್ಪಲಿಗಳನ್ನು ತಮ್ಮ ಕೈಯಾರೆ ಊರ ದಾರಿಯ ಕಡೆಗೆ ತಿರುಗಿಸಿಟ್ಟರು.

“ಹೋಗಿ ಮಗುವನ್ನು ಎತ್ತಿಕೋ. ಬಿಡುವ ಮಾತು ಕೈ ತುಂಬಿದ ಮೇಲೆ.”