ಅಣೆಕಟ್ಟೆ ತಲೆಕೆಳಗಾದ ನಾಣ್ಯ

ಹೊಳೆಯ ದಂಡೆಯ ಮೇಲೊಂದು ಸಣ್ಣ ಮಠ. ಅಲ್ಲೊಬ್ಬರು ಸ್ವಾಮಿಗಳು, ಎಲ್ಲರ ಬಾಯಲ್ಲಿ ಅಜ್ಜಾರು. ಅವರಿಗೆ ಒಬ್ಬನೇ ಶಿಷ್ಯ. ಆ ಶಿಷ್ಯನಿಗೂ ಐವತ್ತು ದಾಟಿತ್ತು. ಹೆಸರು ಚನ್ನವೀರಪ್ಪ.

ಮಠಕ್ಕೆ ಬರುವ ಮೊದಲು ಅವನು ದೂರದ ಊರಿನ ಟಂಕಸಾಲೆಯಲ್ಲಿದ್ದ. ಹೊಸದಾಗಿ ಅಚ್ಚಾಗಿ ಬಂದ ನಾಣ್ಯಗಳನ್ನು ನೋಡಿ, ಕೆಟ್ಟವನ್ನು ಆರಿಸಿ ತೆಗೆಯುವುದು ಅವನ ಕೆಲಸ. ಇಪ್ಪತ್ತೆರಡು ವರ್ಷ ಒಂದೂ ತಪ್ಪಿರಲಿಲ್ಲ. ಅದನ್ನು ಅವನು ಯಾರಿಗೂ ಮರೆಯಗೊಡುತ್ತಲೂ ಇರಲಿಲ್ಲ.

ಒಂದು ವರ್ಷ ಯಾವುದೋ ಅಣೆಕಟ್ಟೆಯ ಸುವರ್ಣ ಮಹೋತ್ಸವದ ನೆನಪಿಗೆ ಐದು ರೂಪಾಯಿಯ ನಾಣ್ಯ ಹೊರಟಿತು. ಒಂದು ಮುಖಕ್ಕೆ ಸಿಂಹ, ಇನ್ನೊಂದಕ್ಕೆ ಅಣೆಕಟ್ಟೆ. ಆರು ತಿಂಗಳಿಗೆ ಪತ್ರಿಕೆಯಲ್ಲೊಂದು ಫೋಟೋ ಬಂತು. ಅಂಥದ್ದೇ ನಾಣ್ಯ, ಆದರೆ ಪಕ್ಕಕ್ಕೆ ಮಗುಚಿದರೆ ಅಣೆಕಟ್ಟೆ ತಲೆಕೆಳಗು. ಇಂಥ ತಪ್ಪು ನಾಣ್ಯಕ್ಕೆ ಸಂಗ್ರಹಕಾರರು ಲಕ್ಷಗಟ್ಟಲೆ ಕೊಡುತ್ತಾರೆಂದು ಕೆಳಗೆ ಬರೆದಿತ್ತು.

ಚನ್ನವೀರಪ್ಪ ಆ ಫೋಟೋ ನೋಡಿದ. ಯಾರೂ ಕೇಳುವ ಮೊದಲೇ ‘ನನ್ನ ಕಣ್ಣು ತಪ್ಪಿತು’ ಎಂದು ಬರೆದುಕೊಟ್ಟು ಕೆಲಸ ಬಿಟ್ಟ. ಆ ನಾಣ್ಯವನ್ನು ಒಮ್ಮೆಯಾದರೂ ಕೈಯಲ್ಲಿ ಹಿಡಿದು ನೋಡಬೇಕೆಂದು ಅವನಿಗೆ ಹೊಳೆಯಲೇ ಇಲ್ಲ.

ಆರು ವರ್ಷವಾಯಿತು. ಧ್ಯಾನಕ್ಕೆ ಕೂತು ಕಣ್ಣು ಮುಚ್ಚಿದರೆ ಅದೇ ಅಣೆಕಟ್ಟೆ.

ಒಂದು ದಿನ ಜಿನ್ನಪ್ಪನವರೆಂಬ ನಿವೃತ್ತ ಮಾಸ್ತರರು ಅವನನ್ನು ಹುಡುಕಿಕೊಂಡು ಬಂದರು. ಕಿಸೆಯಿಂದ ಪುಟ್ಟ ಡಬ್ಬಿ ತೆಗೆದರು.

“ಪೇಪರಿನ್ಯಾಗ ಬಂದಿತ್ತಲ್ರಿ, ಅದ ನಾಣ್ಯ ಇದು. ಹೆಂಡ್ತಿ ಕೈಯಾಗಿನ ಬಂಗಾರದ ಪಾಟ್ಲಿ ಮಾರಿ ಕೊಂಡೀನಿ. ನೀವು ಟಂಕಸಾಲ್ಯಾಗ ಇದ್ದವರು. ಅಸಲಿ ಐತಿ ಅಂತ ಎರಡು ಸಾಲು ಬರಕೊಟ್ರ ಮುಂಬೈದವರೊಬ್ರು ಐದು ಲಕ್ಷಕ್ಕ ತಗೋತಾರ್ರಿ. ಮೊದಲ ಅಕಿ ಪಾಟ್ಲಿ ಮಾಡಿಸಬೇಕು.”

ಚನ್ನವೀರಪ್ಪ ನಾಣ್ಯವನ್ನು ಕೈಗೆತ್ತಿಕೊಂಡ. ಸಿಂಹದ ಪಕ್ಕದಲ್ಲಿ ಸಣ್ಣ ಗೀರು. ಫೋಟೋದಲ್ಲಿದ್ದ ಗೀರೇ. ಸಂಶಯವಿಲ್ಲ, ಇದೇ ಅದು.

ಅಂಚಿನ ಮೇಲೆ ಉಗುರು ಆಡಿಸಿದ. ಉಗುರು ಒಂದು ಕಡೆ ಸಿಕ್ಕಿಕೊಂಡಿತು. ಕಟ್ಟೆಗಲ್ಲಿನ ಮೇಲೆ ಬೀಳಿಸಿದ. ಠಣ್ ಎನ್ನಬೇಕಾದದ್ದು ಟಪ್ ಎಂದಿತು.

ಯಾರೋ ಎರಡು ಒಳ್ಳೆಯ ನಾಣ್ಯಗಳನ್ನು ತೇಯ್ದು, ಒಂದರ ಸಿಂಹಕ್ಕೆ ಇನ್ನೊಂದರ ಅಣೆಕಟ್ಟೆಯನ್ನು ತಲೆಕೆಳಗಾಗಿ ಅಂಟಿಸಿದ್ದರು. ಇಂಥದ್ದು ಟಂಕಸಾಲೆಯಿಂದ ಹೊರಬಿದ್ದೇ ಇರಲಿಲ್ಲ. ಅವನ ಕಣ್ಣು ತಪ್ಪಿರಲೇ ಇಲ್ಲ!

ಕುಣಿಯಬೇಕೆನಿಸಿತು. ತಲೆಯೆತ್ತಿದರೆ ಮಾಸ್ತರರು ಅವನ ಬಾಯಿಯನ್ನೇ ನೋಡುತ್ತಿದ್ದರು.

“ಪ್ರಸಾದ ಮಾಡ್ರಿ ಮಾಸ್ತರ್ರ, ಆಮ್ಯಾಗ ಹೇಳ್ತೀನಿ” ಎಂದವನೇ ಹೊಳೆಗೆ ಓಡಿದ.

ಅಜ್ಜಾರು ಧೋತರ ಒಗೆಯುತ್ತಿದ್ದರು.

“ಅಜ್ಜಾರ, ನಾ ತಪ್ಪ ಮಾಡಿಲ್ರಿ! ಆ ನಾಣ್ಯ ಖೊಟ್ಟಿ ಐತ್ರಿ!”

“ಛಲೋ ಆತು. ಆ ತುದಿ ಹಿಡಿ.”

ಇಬ್ಬರೂ ಧೋತರ ಹಿಂಡತೊಡಗಿದರು. ಎಷ್ಟು ತಿರುವಿದರೂ ನೀರು ಇಳಿಯಲಿಲ್ಲ.

“ನಾ ತಿರುವಿದ ಕಡೇನ ನೀನೂ ತಿರುವಾಕತ್ತೀಯಲ್ಲೋ” ಎಂದರು ಅಜ್ಜಾರು. “ಖುಷಿ ಆದವನ ಕೈ ಹಿಂಗ ಇರ್ತಾವೇನು?”

“ಖುಷೀನೂ ಐತ್ರಿ, ಅಳೂನೂ ಬರಾಕತ್ತೈತಿ. ಏನಂಬೋದ ತಿಳೀವಲ್ದು.” ಚನ್ನವೀರಪ್ಪ ಮಾಸ್ತರರ ಸಂಗತಿಯನ್ನೆಲ್ಲ ಹೇಳಿದ. “ಖೊಟ್ಟಿ ಅಂದ್ರ ಅವರು ಮುಳುಗಿದರು. ಅಸಲಿ ಅಂದ್ರ ಅವರನ್ನ ಉಳಿಸಿ ಮುಂಬೈದವರನ್ನ ಮುಳುಗಿಸಿದಂಗ.”

“ಅಸಲಿ ಅಂತೀಯೇನು?”

“ಇಲ್ರಿ. ಅದು ನನ್ನ ಕಡಿಂದ ಆಗೂದಿಲ್ಲ.”

“ಮತ್ತ ಹೋಗಿ ಖರೇ ಹೇಳು.”

ಚನ್ನವೀರಪ್ಪ ಕದಲಲಿಲ್ಲ. ಕೈಯಲ್ಲಿದ್ದ ಧೋತರದ ತುದಿ ನೀರಿಗೆ ಜಾರಿತು, ಅದೂ ಅವನಿಗೆ ಗೊತ್ತಾಗಲಿಲ್ಲ.

“ಬಾಯಿ ಬರವಲ್ದ್ರಿ. ಅದು ಖೊಟ್ಟಿ ಆತಂದ್ರ ನನ್ನ ಹೆಸರು ತೊಳಕೊಂಡಂಗ. ಅವರ ಪಾಟ್ಲಿ ಹೋದ ಸುದ್ದೀನ ನಾ ಒಳಗ ನಕ್ಕೋತ ಹೇಳ್ತೀನಿ. ಅದನ್ನ ಖರೇ ಸಲುವಾಗಿ ಹೇಳ್ತೀನೋ, ನನ್ನ ಸಲುವಾಗಿ ಹೇಳ್ತೀನೋ?”

“ನಿನ್ನ ಸಲುವಾಗೇ ಇರಬೇಕು.”

ಅಜ್ಜಾರು ‘ಹಂಗಲ್ಲಪ್ಪ’ ಎಂದಾರೆಂದು ಅವನು ಕಾದಿದ್ದ. ಅವನ ಮುಖ ಸಣ್ಣದಾಯಿತು. ಈಗಂತೂ ಏನೆಂದರೆ ಏನೂ ತಿಳಿಯದಾಯಿತು.

“ಅಂದ್ರ ಹೇಳಬಾರದೇನ್ರಿ?”

ಅಜ್ಜಾರು ತೊಯ್ದ ತುದಿಯನ್ನು ನೀರಿನಿಂದ ಎತ್ತಿಕೊಂಡರು. ಮಠದ ಕಡೆಯಿಂದ ಮಾಸ್ತರರ ದನಿ ಕೇಳಿತು: “ಊಟ ಆತ್ರೀ!”

ಚನ್ನವೀರಪ್ಪ ಆ ಕಡೆ ನೋಡಿದ, ಈ ಕಡೆ ನೋಡಿದ. ತನ್ನ ಬಗ್ಗೆ ತನಗೇ ಅಸಹ್ಯವಾಯಿತು.

“ಒಂದ್ ಕೆಲಸ ಮಾಡ್ತೀನ್ರಿ ಅಜ್ಜಾರ. ಇವತ್ತ ಏನೂ ಹೇಳೂದಿಲ್ಲ, ಇನ್ನೊಮ್ಮೆ ಬರ್ರಿ ಅಂತೀನಿ. ಒಂದಿಷ್ಟು ದಿನ ಧ್ಯಾನಕ್ಕ ಕೂತು ಮೊದಲ ಮನಸ್ಸು ಸ್ವಚ್ಛ ಮಾಡ್ಕೋತೀನಿ. ನನ್ನ ಆಸೆ ಪೂರಾ ಹೋದ ಮ್ಯಾಲ ಖರೇ ಹೇಳ್ತೀನಿ. ಅದು ಸರಿ ಅಲ್ಲೇನ್ರಿ?”

ಅಜ್ಜಾರು ಧೋತರವನ್ನು ಒಬ್ಬರೇ ಹಿಂಡಿ, ಝಾಡಿಸಿ, ಕಲ್ಲಿನ ಮೇಲೆ ಹರವಿದರು.

“ಆರು ವರ್ಷದ ಹಿಂದ ಯಾವನರ ತನ್ನ ಸಲುವಾಗೇ ಓಡಿ ಬಂದು, ‘ಆ ನಾಣ್ಯ ಖೊಟ್ಟಿ ಐತೋ ಚನ್ನವೀರ’ ಅಂದಿದ್ರ, ನೀ ಅವಂಗ ಹೋಗಿ ಮೊದಲ ಮನಸ್ಸು ಸ್ವಚ್ಛ ಮಾಡ್ಕೊಂಡು ಬಾ ಅಂತಿದ್ದೇನು?”